‘ಶೇ. 70ರಷ್ಟು ವಂಶವಾಹಿಗಳಿಂದ’ ಎಂಬ ಮಾತಿನ ಕುರಿತು ಶಿಕ್ಷಣಾಡಳಿತಕ್ಕೆ ಒಂದು ಬಹಿರಂಗ ಪತ್ರ

ಗೆ,
ಶಾಲಾ ಶಿಕ್ಷಣದ ನೀತಿಯನ್ನು ರೂಪಿಸುವ ಹಾಗೂ ಮಕ್ಕಳನ್ನು ಪರೀಕ್ಷಿಸಿ ವಿಂಗಡಿಸಲು ಅನುಮತಿ ನೀಡುವ ಮಾನ್ಯ ಅಧಿಕಾರಿಗಳಿಗೆ

ವಿಷಯ: ಬುದ್ಧಿಶಕ್ತಿ ಆನುವಂಶಿಕವೆಂಬ ಕಾರಣ ಮುಂದಿಟ್ಟು ಮಕ್ಕಳ ಕಲಿಕೆಯ ನೆರವನ್ನು ನಿಲ್ಲಿಸುತ್ತಿರುವ ಬಗ್ಗೆ

ಮಾನ್ಯರೇ,

ನಾನು ಇಪ್ಪತ್ತೆಂಟು ವರ್ಷಗಳಿಂದ ಗಣಿತ ಕಲಿಸುತ್ತಿರುವ ಶಿಕ್ಷಕಿ. ವಂಶವಾಹಿ ವಿಜ್ಞಾನಿಯಲ್ಲ, ಮನೋವಿಜ್ಞಾನಿಯೂ ಅಲ್ಲ. ಆದರೆ ಶೇಕಡಾವಾರು ಲೆಕ್ಕ ಕಂಡಾಗಲೆಲ್ಲ ‘ಇದು ಯಾವುದರ ಶೇಕಡಾ?’ ಎಂದು ಕೇಳಲು ಮಕ್ಕಳಿಗೆ ಕಲಿಸುವುದೇ ನನ್ನ ಕಸುಬಾದ್ದರಿಂದ, ಆ ಪ್ರಶ್ನೆಯನ್ನು ಯಾರೂ ಕೇಳದೆ ನನ್ನ ಕಣ್ಣೆದುರೇ ಕೈಗೊಂಡ ಒಂದು ತೀರ್ಮಾನದ ಬಗ್ಗೆ ಸುಮ್ಮನಿರಲಾಗದೆ ಈ ಪತ್ರ ಬರೆಯುತ್ತಿದ್ದೇನೆ. ಶಾಲೆಯ ಹೆಸರನ್ನಾಗಲಿ, ಸಭೆಯಲ್ಲಿದ್ದವರ ಹೆಸರನ್ನಾಗಲಿ ಇಲ್ಲಿ ಎತ್ತುವುದಿಲ್ಲ. ನನ್ನ ತಕರಾರು ವ್ಯಕ್ತಿಗಳ ಮೇಲಿನದಲ್ಲ, ಅಲ್ಲಿ ಆಡಿದ ಒಂದು ಮಾತಿನ ಮೇಲಿನದು.

ಒಂಬತ್ತು ವರ್ಷದ ಮಕ್ಕಳಿಗೆ ಒಂದು ಬೆಳಿಗ್ಗೆ ಬುದ್ಧಿಶಕ್ತಿಯ ಪರೀಕ್ಷೆ ನಡೆಸಲಾಗಿತ್ತು. ಸರಾಸರಿಯನ್ನು 100ಕ್ಕೆ ಹೊಂದಿಸಿದ ಆ ಅಳತೆಯಲ್ಲಿ 85ಕ್ಕಿಂತ ಕಡಿಮೆ ಐಕ್ಯೂ ಬಂದ ಮಕ್ಕಳ ಪಟ್ಟಿಯನ್ನು ಸಭೆಯ ಮುಂದಿಟ್ಟರು. ಅವರಲ್ಲಿ ಹೆಚ್ಚಿನವರು ಶಾಲೆ ಬಿಟ್ಟ ಮೇಲೆ ಅರ್ಧ ಗಂಟೆಯ ಹೆಚ್ಚುವರಿ ಪಾಠಕ್ಕೆ ನನ್ನ ಬಳಿ ಕುಳಿತುಕೊಳ್ಳುತ್ತಿದ್ದವರು. ಪರೀಕ್ಷೆ ನಡೆಸಿದ ಸಲಹೆಗಾರರು ಹೇಳಿದ್ದು ಇಷ್ಟು: ‘ಬುದ್ಧಿಶಕ್ತಿಯ ಶೇ. 70ರಷ್ಟು ವಂಶವಾಹಿಗಳಿಂದಲೇ ಬರುತ್ತದೆ ಎಂದು ವಿಜ್ಞಾನ ತೋರಿಸಿದೆ. ಉಳಿದ ಶೇ. 30ಕ್ಕಾಗಿ ಇಷ್ಟೊಂದು ಸಮಯ ವ್ಯಯಿಸುವುದರಲ್ಲಿ ಅರ್ಥವಿದೆಯೇ?’ ಯಾರೂ ಎದುರಾಡಲಿಲ್ಲ. ನಾನೂ ಆಡಲಿಲ್ಲ ಎಂಬುದನ್ನು ನಾಚಿಕೆಯಿಂದಲೇ ಹೇಳಬೇಕಾಗಿದೆ. ಮುಂದಿನ ವಾರ ಹೆಚ್ಚುವರಿ ಪಾಠ ನಿಂತಿತು. ಆ ಪಟ್ಟಿಯಲ್ಲಿದ್ದ ಒಬ್ಬ ಹುಡುಗಿಗೆ ಕಿವಿ ಸೋರುವ ತೊಂದರೆಯಿತ್ತು, ಅದರಿಂದಾಗಿ ಅವಳು ಆ ವರ್ಷ ಹಲವು ವಾರ ಶಾಲೆಗೆ ಬಂದಿರಲಿಲ್ಲ. ಪರೀಕ್ಷೆಯ ಸೂಚನೆಗಳನ್ನು ಕೊಟ್ಟದ್ದು ಬಾಯಿಮಾತಿನಲ್ಲಿ. ಅವಳ ಅಂಕದಲ್ಲಿ ವಂಶವಾಹಿಯ ಪಾಲೆಷ್ಟು, ಕಿವಿಯ ಪಾಲೆಷ್ಟು ಎಂದು ಯಾರೂ ಕೇಳಲಿಲ್ಲ.

ಸಲಹೆಗಾರರು ಹೇಳಿದ ಅಂಕಿ ಕಟ್ಟುಕಥೆಯಲ್ಲ ಎಂಬುದನ್ನು ಮೊದಲೇ ಒಪ್ಪಿಕೊಳ್ಳುತ್ತೇನೆ. ಹುಟ್ಟಿದ ಕೆಲಕಾಲಕ್ಕೇ ಬೇರೆಯಾಗಿ ಬೇರೆ ಬೇರೆ ಮನೆಗಳಲ್ಲಿ ಬೆಳೆದ ತದ್ರೂಪಿ ಅವಳಿಗಳನ್ನು ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದ ಥಾಮಸ್ ಬುಚಾರ್ಡ್ ಮತ್ತು ಸಂಗಡಿಗರು 1979ರಿಂದ ಅಧ್ಯಯನ ಮಾಡಿ, ಐಕ್ಯೂನಲ್ಲಿ ಕಾಣುವ ವ್ಯತ್ಯಾಸದ ಸುಮಾರು ಶೇ. 70ರಷ್ಟಕ್ಕೆ ಆನುವಂಶಿಕ ಭಿನ್ನತೆ ಕಾರಣವೆಂದು 1990ರಲ್ಲಿ ಪ್ರಕಟಿಸಿದರು. ಆದರೆ ಅವರು ಪರೀಕ್ಷಿಸಿದ್ದು ವಯಸ್ಕರನ್ನು. ಕಡು ಬಡತನದಲ್ಲಿ ಅಥವಾ ಅನಕ್ಷರಸ್ಥ ಪೋಷಕರ ಬಳಿ ಬೆಳೆದವರು ತಮ್ಮ ಅವಳಿಗಳಲ್ಲಿ ತೀರಾ ಕಡಿಮೆ, ಆದ್ದರಿಂದ ಈ ಅಂಕಿಯನ್ನು ಅಂಥ ಪರಿಸ್ಥಿತಿಗಳಿಗೆ ವಿಸ್ತರಿಸಬಾರದು ಎಂದು ಆ ಲೇಖನದಲ್ಲೇ ಎಚ್ಚರಿಸಿದವರೂ ಅವರೇ. ನಾಲ್ಕು ದೇಶಗಳ ಸುಮಾರು 11,000 ಅವಳಿ ಜೋಡಿಗಳ ಮಾಹಿತಿಯನ್ನು ಒಟ್ಟುಗೂಡಿಸಿದ 2010ರ ಅಧ್ಯಯನದಲ್ಲಿ ಈ ಪ್ರಮಾಣ ಒಂಬತ್ತನೆಯ ವಯಸ್ಸಿಗೆ ಶೇ. 41, ಹನ್ನೆರಡಕ್ಕೆ ಶೇ. 55, ಹದಿನೇಳಕ್ಕೆ ಶೇ. 66 ಎಂದು ಕಂಡುಬಂತು. ಅಂಕಿ ಹೇಳಲೇಬೇಕೆಂದಿದ್ದರೆ ಕನಿಷ್ಠ ಎದುರಿಗಿದ್ದ ಮಕ್ಕಳ ವಯಸ್ಸಿನದನ್ನು ಹೇಳಬಹುದಿತ್ತು.

ಇದು ಸಣ್ಣ ತಪ್ಪು. ದೊಡ್ಡ ತಪ್ಪು ‘ಬುದ್ಧಿಶಕ್ತಿಯ ಶೇ. 70’ ಎಂಬ ಪದಗಳಲ್ಲೇ ಇದೆ. ಅನುವಂಶೀಯತೆಯ ಪ್ರಮಾಣವೆಂಬುದು ಒಂದು ಮಗುವಿನ ಬುದ್ಧಿಯನ್ನು ಹತ್ತು ಪಾಲು ಮಾಡಿ ಏಳು ಹೆತ್ತವರದು, ಮೂರು ಶಾಲೆಯದು ಎಂದು ಹಂಚುವ ಲೆಕ್ಕವಲ್ಲ. ಒಂದು ನಿರ್ದಿಷ್ಟ ಕಾಲದಲ್ಲಿ, ನಿರ್ದಿಷ್ಟ ಪರಿಸ್ಥಿತಿಯಲ್ಲಿ ಬದುಕುತ್ತಿರುವ ಒಂದು ಜನಸಮುದಾಯದೊಳಗೆ ಒಬ್ಬರಿಗೂ ಇನ್ನೊಬ್ಬರಿಗೂ ಇರುವ ವ್ಯತ್ಯಾಸದಲ್ಲಿ ಎಷ್ಟು ಪಾಲು ವಂಶವಾಹಿಗಳ ವ್ಯತ್ಯಾಸಕ್ಕೆ ತಾಳೆಯಾಗುತ್ತದೆ ಎಂಬುದಷ್ಟೇ ಅದರ ಅರ್ಥ. ಆಯತದ ವಿಸ್ತೀರ್ಣದಲ್ಲಿ ಉದ್ದದ ಪಾಲೆಷ್ಟು, ಅಗಲದ ಪಾಲೆಷ್ಟು ಎಂದು ಕೇಳುವುದು ಹೇಗೆ ಅರ್ಥಹೀನವೋ ಹಾಗೆಯೇ ಇದು ಕೂಡ ಎಂದು ಮನೋವಿಜ್ಞಾನಿ ಡೊನಾಲ್ಡ್ ಹೆಬ್ ಹೇಳುತ್ತಿದ್ದರಂತೆ. ಗಣಿತದ ಶಿಕ್ಷಕಿಯಾಗಿ ಆ ಹೋಲಿಕೆಯನ್ನು ಇನ್ನೊಂದು ಹೆಜ್ಜೆ ಮುಂದಕ್ಕೆ ಒಯ್ಯಲು ಅಪ್ಪಣೆ ಕೊಡಿ. ಅಗಲ ಒಂದೇ ಆಗಿದ್ದು ಉದ್ದ ಮಾತ್ರ ಬೇರೆ ಬೇರೆಯಾಗಿರುವ ನೂರು ಆಯತಗಳನ್ನು ತೆಗೆದುಕೊಳ್ಳಿ. ಅವುಗಳ ವಿಸ್ತೀರ್ಣದ ವ್ಯತ್ಯಾಸಕ್ಕೆ ನೂರಕ್ಕೆ ನೂರು ಪಾಲು ಉದ್ದವೇ ಕಾರಣ. ಹಾಗೆಂದು ಅಗಲಕ್ಕೆ ಬೆಲೆಯಿಲ್ಲವೇ? ಎಲ್ಲ ಆಯತಗಳ ಅಗಲವನ್ನು ಎರಡು ಪಟ್ಟು ಮಾಡಿ ನೋಡಿ: ಪ್ರತಿಯೊಂದರ ವಿಸ್ತೀರ್ಣವೂ ಎರಡು ಪಟ್ಟಾಗುತ್ತದೆ, ವ್ಯತ್ಯಾಸದಲ್ಲಿ ಉದ್ದದ ಪಾಲು ಮಾತ್ರ ಇನ್ನೂ ನೂರಕ್ಕೆ ನೂರೇ ಉಳಿಯುತ್ತದೆ. ‘ಶೇ. 70 ವಂಶವಾಹಿ, ಆದ್ದರಿಂದ ಪಾಠ ಬೇಡ’ ಎಂದವರು ಜಾರಿದ್ದು ಸರಿಯಾಗಿ ಈ ಮೆಟ್ಟಿಲಲ್ಲಿ.

ಇದರಿಂದ ಇನ್ನೊಂದು ವಿಚಿತ್ರವಾದ ಸಂಗತಿಯೂ ಹೊರಡುತ್ತದೆ. ಎಲ್ಲ ಮಕ್ಕಳಿಗೂ ಸಮಾನವಾದ ಆಹಾರ, ಆರೋಗ್ಯ, ಶಾಲೆ ದೊರೆಯುತ್ತ ಹೋದಂತೆ ಪರಿಸರದ ವ್ಯತ್ಯಾಸ ಕುಗ್ಗುವುದರಿಂದ ಅನುವಂಶೀಯತೆಯ ಪ್ರಮಾಣ ತಾನಾಗಿ ಏರುತ್ತದೆ. ಅಂದರೆ ಆ ಅಂಕಿ ದೊಡ್ಡದಾಗಿರುವುದು ಶಾಲೆ ಸೋತದ್ದಕ್ಕೆ ಸಾಕ್ಷಿಯಲ್ಲ, ಕೆಲವೊಮ್ಮೆ ಗೆದ್ದದ್ದಕ್ಕೆ ಸಾಕ್ಷಿ. ಎರಿಕ್ ಟರ್ಕ್‌ಹೈಮರ್ ಮತ್ತು ಸಂಗಡಿಗರು ಅಮೆರಿಕದ ಏಳು ವರ್ಷದ ಅವಳಿಗಳ ಬಗ್ಗೆ 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬಡ ಕುಟುಂಬಗಳ ಮಕ್ಕಳ ಐಕ್ಯೂ ವ್ಯತ್ಯಾಸದ ಸುಮಾರು ಶೇ. 60ರಷ್ಟು ಮನೆಯ ಪರಿಸರಕ್ಕೆ ಸೇರಿದ್ದು, ವಂಶವಾಹಿಯ ಪಾಲು ಸೊನ್ನೆಯ ಹತ್ತಿರವಿತ್ತು. ಸ್ಥಿತಿವಂತರ ಮಕ್ಕಳಲ್ಲಿ ಲೆಕ್ಕ ಹೆಚ್ಚುಕಡಿಮೆ ತಿರುಗುಮುರುಗಾಗಿತ್ತು. ಹಲವು ಅಧ್ಯಯನಗಳನ್ನು 2016ರಲ್ಲಿ ಕ್ರೋಡೀಕರಿಸಿದಾಗ ಇಂಥ ಅಂತರ ಅಮೆರಿಕದಲ್ಲಿ ಕಂಡಿತೇ ಹೊರತು ಪಶ್ಚಿಮ ಯುರೋಪ್ ಮತ್ತು ಆಸ್ಟ್ರೇಲಿಯಾಗಳಲ್ಲಿ ಕಾಣಲಿಲ್ಲ. ಅಲ್ಲಿ ಶಿಕ್ಷಣ ಮತ್ತು ಆರೋಗ್ಯ ಸೇವೆಗಳು ಹೆಚ್ಚು ಸಮನಾಗಿ ಸಿಗುವುದು ಕಾರಣವಿರಬಹುದೆಂದು ಸಂಶೋಧಕರು ಊಹಿಸಿದರು. ಹಾಗಿರುವಾಗ ಒಂದೇ ಅಂಕಿಯನ್ನು ಎಲ್ಲ ಕಾಲಕ್ಕೂ, ಎಲ್ಲ ನೆಲಕ್ಕೂ, ಎಲ್ಲ ಮಕ್ಕಳಿಗೂ ಅನ್ವಯಿಸುವುದು ಯಾವ ನ್ಯಾಯ?

‘ಆನುವಂಶಿಕ’ ಎಂಬ ಪದದ ಜೊತೆಗೇ ‘ಬದಲಾಗದ್ದು’ ಎಂಬ ಅರ್ಥವೂ ನಮ್ಮ ಕಿವಿಗೆ ಅಂಟಿಕೊಂಡು ಬರುತ್ತದೆ. ಫಿನೈಲ್‌ಕೀಟೊನ್ಯೂರಿಯಾ ಎಂಬ ಕಾಯಿಲೆಯನ್ನು ನೋಡಿ. ತಂದೆತಾಯಿ ಇಬ್ಬರಿಂದಲೂ ದೋಷವುಳ್ಳ ವಂಶವಾಹಿಯ ಪ್ರತಿ ಬಂದ ಮಗುವಿನ ದೇಹಕ್ಕೆ ಫಿನೈಲ್‌ಅಲನಿನ್ ಎಂಬ ಅಮೈನೋ ಆಮ್ಲವನ್ನು ಅರಗಿಸಲಾಗುವುದಿಲ್ಲ. ಅದು ರಕ್ತದಲ್ಲಿ ಶೇಖರವಾಗಿ, ಚಿಕಿತ್ಸೆ ಸಿಗದಿದ್ದರೆ ತೀವ್ರವಾದ ಬುದ್ಧಿಮಾಂದ್ಯಕ್ಕೆ ಕಾರಣವಾಗುತ್ತದೆ. ಇದಕ್ಕಿಂತ ಸ್ಪಷ್ಟವಾಗಿ ‘ಹುಟ್ಟಿನಿಂದಲೇ ಬಂದದ್ದು’ ಎನ್ನಬಹುದಾದ ಉದಾಹರಣೆ ಸಿಗುವುದು ಕಷ್ಟ. ನಾರ್ವೆಯ ವೈದ್ಯ ಅಸ್ಬ್ಯೊರ್ನ್ ಫೊಲಿಂಗ್ 1934ರಲ್ಲಿ ಇದನ್ನು ಗುರುತಿಸಿದರು, 1950ರ ದಶಕದಲ್ಲಿ ಆ ಅಮೈನೋ ಆಮ್ಲ ಕಡಿಮೆಯಿರುವ ಆಹಾರಕ್ರಮ ಬಂತು, 1960ರ ದಶಕದಲ್ಲಿ ನವಜಾತ ಶಿಶುವಿನ ಹಿಮ್ಮಡಿಯಿಂದ ತೆಗೆದ ಒಂದೆರಡು ಹನಿ ರಕ್ತದಿಂದಲೇ ರೋಗ ಪತ್ತೆಹಚ್ಚುವ ವಿಧಾನ ಬಂತು. ಹುಟ್ಟಿದ ಕೆಲವೇ ದಿನಗಳಲ್ಲಿ ಪಥ್ಯ ಆರಂಭಿಸಿ ಅದನ್ನು ಮುಂದುವರಿಸಿದರೆ ಮಗು ಉಳಿದವರಂತೆಯೇ ಬೆಳೆಯುತ್ತದೆ. ವಂಶವಾಹಿ ಅದೇ, ಬದಲಾದದ್ದು ಊಟ. ಎತ್ತರದ ಮಾತೂ ಹೀಗೆಯೇ. ಅದರ ಅನುವಂಶೀಯತೆ ಸುಮಾರು ಶೇ. 80, ಅಂದರೆ ಐಕ್ಯೂಗಿಂತಲೂ ಹೆಚ್ಚು. ಆದರೂ ದಕ್ಷಿಣ ಕೊರಿಯಾದಲ್ಲಿ 1996ರಲ್ಲಿ ಹುಟ್ಟಿದ ಹೆಣ್ಣುಮಕ್ಕಳು 1896ರಲ್ಲಿ ಹುಟ್ಟಿದವರಿಗಿಂತ ಸರಾಸರಿ 20 ಸೆಂಟಿಮೀಟರ್ ಎತ್ತರ ಬೆಳೆದರು.

ಐಕ್ಯೂ ವಿಷಯದಲ್ಲೂ ಇಂಥದ್ದೇ ಏರಿಕೆ ಆಗಿದೆ. ಇಪ್ಪತ್ತನೆಯ ಶತಮಾನದಲ್ಲಿ ಹಲವು ದೇಶಗಳಲ್ಲಿ ಪ್ರತಿ ದಶಕಕ್ಕೆ ಸುಮಾರು 3 ಅಂಕಗಳಂತೆ ಸರಾಸರಿ ಮೇಲೇರಿದ್ದನ್ನು ಜೇಮ್ಸ್ ಫ್ಲಿನ್ 1980ರ ದಶಕದಲ್ಲಿ ತೋರಿಸಿದರು. ನಾರ್ವೆಯಲ್ಲಿ 1970ರ ದಶಕದ ನಡುಭಾಗದ ನಂತರ ಹುಟ್ಟಿದವರಲ್ಲಿ ಅದು ಇಳಿಯತೊಡಗಿತು. ಆದರೆ ಏರಿಕೆ, ಇಳಿಕೆ ಎರಡೂ ಒಂದೇ ಕುಟುಂಬದ ಅಣ್ಣತಮ್ಮಂದಿರ ನಡುವೆಯೇ ಕಾಣಿಸಿದ್ದರಿಂದ ಅದಕ್ಕೆ ಪರಿಸರವೇ ಕಾರಣವೆಂದು 2018ರ ಅಧ್ಯಯನ ತೀರ್ಮಾನಿಸಿತು. ಶಾಲೆಯ ಪಾತ್ರದ ಬಗ್ಗೆಯೂ ಅನುಮಾನಕ್ಕೆ ಎಡೆಯಿಲ್ಲ. 6 ಲಕ್ಷಕ್ಕೂ ಹೆಚ್ಚು ಜನರ ಮಾಹಿತಿಯನ್ನು ಒಳಗೊಂಡ 2018ರ ಇನ್ನೊಂದು ವಿಶ್ಲೇಷಣೆಯಲ್ಲಿ, ಹೆಚ್ಚುವರಿಯಾಗಿ ಓದಿದ ಪ್ರತಿ ವರ್ಷಕ್ಕೂ ಐಕ್ಯೂ 1ರಿಂದ 5 ಅಂಕಗಳಷ್ಟು ಏರುವುದು ಕಂಡುಬಂದಿದೆ.

ಇವೆಲ್ಲಕ್ಕಿಂತ ನನ್ನ ಮನಸ್ಸಿನಲ್ಲಿ ಉಳಿದದ್ದು ಫ್ರಾನ್ಸಿನ ದತ್ತು ಮಕ್ಕಳ ಅಧ್ಯಯನ. ಶೈಶವದಲ್ಲಿ ನಿರ್ಲಕ್ಷ್ಯಕ್ಕೋ ಹಿಂಸೆಗೋ ಒಳಗಾಗಿದ್ದ, ದತ್ತು ಹೋಗುವ ಮುನ್ನ ಐಕ್ಯೂ 86ಕ್ಕಿಂತ ಕೆಳಗಿದ್ದ, ನಾಲ್ಕರಿಂದ ಆರು ವರ್ಷದೊಳಗೆ ಹೊಸ ಮನೆ ಸೇರಿದ ಮಕ್ಕಳನ್ನು ಹದಿಹರೆಯದಲ್ಲಿ ಮತ್ತೆ ಪರೀಕ್ಷಿಸಲಾಯಿತು. ಸಾಧಾರಣ ಸ್ಥಿತಿಯ ಮನೆ ಸೇರಿದವರು ಸರಾಸರಿ 8 ಅಂಕ, ಅನುಕೂಲಸ್ಥರ ಮನೆ ಸೇರಿದವರು 19.5 ಅಂಕ ಗಳಿಸಿದ್ದರು. 1999ರಲ್ಲಿ ಪ್ರಕಟವಾದ ಈ ಅಧ್ಯಯನದಲ್ಲೇ ಇನ್ನೊಂದು ಅಂಶವೂ ಇದೆ: ದತ್ತಿಗೆ ಮುಂಚಿನ ಅಂಕಕ್ಕೂ ನಂತರದ ಅಂಕಕ್ಕೂ ಸಂಬಂಧ ಅಳಿದಿರಲಿಲ್ಲ. ಮೊದಲು ಮುಂದಿದ್ದವರು ಬಹುಮಟ್ಟಿಗೆ ಆಮೇಲೂ ಮುಂದಿದ್ದರು, ಆದರೆ ಇಡೀ ಸಾಲೇ ಮೇಲಕ್ಕೆ ಸರಿದಿತ್ತು. ಸಭೆಯ ಪಟ್ಟಿಯಲ್ಲಿದ್ದ ಮಕ್ಕಳ ಅಂಕಗಳೂ 86ಕ್ಕಿಂತ ಕೆಳಗಿದ್ದವೇ.

ಈಗ ನನ್ನ ಪಾಳಯದವರಿಗೂ ಒಂದು ಮಾತು ಹೇಳದಿದ್ದರೆ ಪತ್ರ ಪ್ರಾಮಾಣಿಕವಾಗದು. ನಮ್ಮಲ್ಲಿ ಅನೇಕ ಶಿಕ್ಷಕರು ವಂಶವಾಹಿಯ ಹೆಸರೆತ್ತಿದರೇ ಸಿಡಿಮಿಡಿಗೊಳ್ಳುತ್ತೇವೆ. ಬ್ರಿಟನ್ನಿನ ಮನೋವಿಜ್ಞಾನಿ ಸಿರಿಲ್ ಬರ್ಟ್ ಪ್ರಕಟಿಸಿದ ಅವಳಿಗಳ ಅಂಕಿಗಳನ್ನು ನೆನಪಿಸಿ ಇಡೀ ಕ್ಷೇತ್ರವೇ ಮೋಸವೆನ್ನುವುದು ಸುಲಭ. ಅವಳಿಗಳ ಸಂಖ್ಯೆ ಏರುತ್ತ ಹೋದರೂ ಅವರ ಐಕ್ಯೂಗಳು ಪರಸ್ಪರ ಎಷ್ಟು ಹೊಂದುತ್ತವೆಂದು ಅಳೆಯುವ ಸಹಸಂಬಂಧ ಮಾತ್ರ ಮೂರು ದಶಮಾಂಶ ಸ್ಥಾನಗಳವರೆಗೂ ಕದಲದೆ 0.771 ಎಂದೇ ನಿಂತಿದ್ದನ್ನು ಮನೋವಿಜ್ಞಾನಿ ಲಿಯಾನ್ ಕಾಮಿನ್ 1974ರಲ್ಲಿ ಎತ್ತಿ ತೋರಿಸಿದ್ದು ನಿಜ, ಬರ್ಟ್ ಅವರ ಆ ಅಂಕಿಗಳನ್ನು ಇಂದು ಯಾರೂ ಆಧಾರವಾಗಿ ಬಳಸುವುದಿಲ್ಲ. ಆದರೆ ಅವರಿಗೆ ಸಂಬಂಧವೇ ಇಲ್ಲದ ನಂತರದ ಅಧ್ಯಯನಗಳೂ ವಂಶವಾಹಿಯ ಪಾಲು ಗಣನೀಯವೆಂದೇ ತೋರಿಸಿವೆ. ಒಂದೇ ಮನೆಯ, ಒಂದೇ ಊಟದ, ಒಂದೇ ಶಾಲೆಯ ಒಡಹುಟ್ಟಿದವರಲ್ಲಿ ಒಬ್ಬಳು ಭಿನ್ನರಾಶಿಯನ್ನು ಒಂದೇ ಪಾಠದಲ್ಲಿ ಹಿಡಿಯುವುದನ್ನೂ ಇನ್ನೊಬ್ಬನಿಗೆ ಹತ್ತು ಪಾಠ ಬೇಕಾಗುವುದನ್ನೂ ಕಂಡಿರದ ಶಿಕ್ಷಕರು ಯಾರಿದ್ದಾರೆ? ‘ಎಲ್ಲವೂ ಪರಿಸರ’ ಎಂಬ ವಾದಕ್ಕೂ ತನ್ನದೇ ಆದ ಕ್ರೌರ್ಯವಿದೆ: ಮಗು ಹಿಂದುಳಿದರೆ ಅದು ನೇರವಾಗಿ ತಾಯಿಯ ತಪ್ಪಾಗುತ್ತದೆ. ಆಟಿಸಂಗೆ ತಾಯಂದಿರ ತಣ್ಣನೆಯ ಮನಸ್ಸೇ ಕಾರಣವೆಂದು ಕಳೆದ ಶತಮಾನದ ನಡುವಿನಲ್ಲಿ ಕೆಲವು ತಜ್ಞರು ಹೇಳಿ ಎಷ್ಟು ಮನೆಗಳನ್ನು ನೋಯಿಸಿದರು ಎಂಬುದನ್ನು ಮರೆಯಬಾರದು. ನಮ್ಮ ಗಾದೆಗಳಲ್ಲಿ ‘ನೂಲಿನಂತೆ ಸೀರೆ’ಯೂ ಇದೆ, ‘ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ’ ಎಂಬುದೂ ಇದೆ. ವಾದಕ್ಕೆ ಕುಳಿತವರಿಗೆ ಬೇಕಾದ ಗಾದೆ ಯಾವಾಗಲೂ ಸಿಗುತ್ತದೆ.

ನಿಜವಾದ ಕಷ್ಟವೆಂದರೆ ಈ ಎರಡನ್ನೂ ಕತ್ತರಿಸಿ ಬೇರೆ ಬೇರೆ ಇಡಲು ಬರುವುದಿಲ್ಲ. ಅನುವಂಶೀಯತೆಯ ಪ್ರಮಾಣ ವಯಸ್ಸಾದಂತೆ ಏರುತ್ತದೆ ಎಂದೆನಲ್ಲ, ಅದಕ್ಕೆ ಕೊಡುವ ಒಂದು ಮುಖ್ಯ ವಿವರಣೆ ಇದು: ಓದಿನತ್ತ ಸ್ವಲ್ಪ ಒಲವಿರುವ ಮಗು ಬೆಳೆದಂತೆ ತಾನೇ ಪುಸ್ತಕಗಳನ್ನು ಹುಡುಕಿಕೊಂಡು ಹೋಗುತ್ತದೆ, ಅಂಥದ್ದೇ ಗೆಳೆಯರನ್ನು ಕೂಡಿಕೊಳ್ಳುತ್ತದೆ, ಅದನ್ನು ಕಂಡ ಶಿಕ್ಷಕರು ಅದಕ್ಕೆ ಇನ್ನಷ್ಟು ಕೊಡುತ್ತಾರೆ, ಹೀಗೆ ಚಿಕ್ಕ ಒಲವು ದೊಡ್ಡ ಅಂತರವಾಗುತ್ತದೆ. ಲೆಕ್ಕದಲ್ಲಿ ಅದು ವಂಶವಾಹಿಯ ಖಾತೆಗೆ ಜಮೆಯಾದರೂ ಕೆಲಸ ಮಾಡಿದ್ದು ಪುಸ್ತಕ, ಗೆಳೆಯರು ಮತ್ತು ಶಿಕ್ಷಕರು. ಐಸ್‌ಲ್ಯಾಂಡಿನ 2018ರ ಅಧ್ಯಯನವೊಂದು ಇನ್ನೂ ಅಚ್ಚರಿಯದನ್ನು ಕಂಡುಹಿಡಿಯಿತು. ತಂದೆತಾಯಿಯಲ್ಲಿದ್ದು ಮಗುವಿಗೆ ದಾಟದೇ ಹೋದ ವಂಶವಾಹಿ ರೂಪಗಳು ಕೂಡ ಮಗುವಿನ ಓದಿನ ಮಟ್ಟದ ಮೇಲೆ ಪರಿಣಾಮ ಬೀರುತ್ತವೆ, ಆ ಪರಿಣಾಮ ದಾಟಿಬಂದವುಗಳ ಪರಿಣಾಮದ ಸುಮಾರು ಶೇ. 30ರಷ್ಟಿದೆ. ದೇಹದಲ್ಲೇ ಇಲ್ಲದ ವಂಶವಾಹಿ ಮಗುವನ್ನು ಮುಟ್ಟುವ ಮುಖ್ಯ ದಾರಿ ಹೆತ್ತವರು ಕಟ್ಟಿಕೊಡುವ ಮನೆ ಎಂಬುದು ಸಂಶೋಧಕರ ವಿವರಣೆ.

ಇದನ್ನು ಹೇಳಲು ಇನ್ನೊಂದು ಕಾರಣವೂ ಇದೆ. ಎಂಜಲಿನ ಮಾದರಿ ಪಡೆದು ಮಗುವಿನ ‘ಜಾಣತನದ ಅಂಕ’ ತಿಳಿಸುತ್ತೇವೆ ಎಂಬ ಪ್ರಸ್ತಾವವೂ ಅದೇ ಸಭೆಯಲ್ಲಿ ಬಂದಿತ್ತು. 11 ಲಕ್ಷ ಜನರ ಡಿಎನ್‌ಎ ಪರಿಶೀಲಿಸಿ ಓದಿನ ವರ್ಷಗಳಿಗೆ ಸಂಬಂಧಿಸಿದ 1,271 ಡಿಎನ್‌ಎ ಭಿನ್ನತೆಗಳನ್ನು ಗುರುತಿಸಿದ 2018ರ ಅಧ್ಯಯನದ ಆಧಾರದಲ್ಲಿ ರಚಿಸಿದ ಅಂಕಕ್ಕೂ ಬುದ್ಧಿಶಕ್ತಿಯ ವ್ಯತ್ಯಾಸದಲ್ಲಿ ವಿವರಿಸಲು ಸಾಧ್ಯವಾದದ್ದು ಶೇ. 7ರಿಂದ 10 ಮಾತ್ರ. ಒಡಹುಟ್ಟಿದವರನ್ನೇ ಹೋಲಿಸಿದಾಗ ಅದರ ಬಲ ಇನ್ನೂ ತಗ್ಗುತ್ತದೆ, ಯುರೋಪ್ ಮೂಲದವರಲ್ಲದ ಜನರಿಗೆ ಅನ್ವಯಿಸಿದರೆ ಬಹಳವೇ ಕುಸಿಯುತ್ತದೆ. ಸಂಶೋಧನೆಗೆ ಉಪಯುಕ್ತವಾದ ಈ ಉಪಕರಣದಿಂದ ಒಂದು ಮಗುವಿನ ಭವಿಷ್ಯ ಹೇಳುವುದು ಶುದ್ಧ ಕಣಿ.

ಅಳತೆಗೋಲು ಮಾಡಿದವನ ಉದ್ದೇಶವೇ ಬೇರೆಯಿತ್ತು ಎಂಬುದನ್ನೂ ತಮ್ಮ ಗಮನಕ್ಕೆ ತರಬಯಸುತ್ತೇನೆ. 1905ರಲ್ಲಿ ಆಲ್ಫ್ರೆಡ್ ಬಿನೆ ಮತ್ತು ಥಿಯೊಡೊರ್ ಸಿಮೊನ್ ಪ್ಯಾರಿಸ್ಸಿನಲ್ಲಿ ಈ ಪರೀಕ್ಷೆಯ ಮೊದಲ ರೂಪವನ್ನು ಸಿದ್ಧಪಡಿಸಿದ್ದು ಯಾವ ಮಕ್ಕಳಿಗೆ ಹೆಚ್ಚಿನ ನೆರವು ಬೇಕು ಎಂದು ಗುರುತಿಸಲು. ಬುದ್ಧಿಯೆಂಬುದು ಹೆಚ್ಚಿಸಲಾಗದ ನಿಗದಿತ ಪ್ರಮಾಣ ಎನ್ನುವವರ ನಿರಾಶಾವಾದವನ್ನು ಬಿನೆ 1909ರಲ್ಲೇ ಕಟುವಾಗಿ ಖಂಡಿಸಿದ್ದರು. ನೆರವು ಕೊಡಲೆಂದು ಹುಟ್ಟಿದ ಪರೀಕ್ಷೆ ನಮ್ಮ ಸಭೆಯಲ್ಲಿ ನೆರವು ಕಿತ್ತುಕೊಳ್ಳಲು ಬಳಕೆಯಾಯಿತು. ಇದೇ ಯೋಚನೆ ಕಾನೂನಿನ ಕೈಗೆ ಸಿಕ್ಕರೆ ಏನಾಗುತ್ತದೆಂಬುದಕ್ಕೆ ಅಮೆರಿಕದ ಸುಪ್ರೀಂ ಕೋರ್ಟಿನ 1927ರ ಬಕ್ ವಿರುದ್ಧ ಬೆಲ್ ತೀರ್ಪಿದೆ. ಕ್ಯಾರಿ ಬಕ್ ಎಂಬ ಯುವತಿಯನ್ನೂ ಆಕೆಯ ತಾಯಿಯನ್ನೂ ಹಸುಗೂಸಾಗಿದ್ದ ಮಗಳನ್ನೂ ವಂಶಪಾರಂಪರ್ಯದ ಮಂದಬುದ್ಧಿಯವರೆಂದು ಪರಿಗಣಿಸಿ ಆಕೆಯ ಬಲವಂತದ ಸಂತಾನಹರಣಕ್ಕೆ ನ್ಯಾಯಾಲಯ ಒಪ್ಪಿಗೆ ಕೊಟ್ಟಿತು. ಮಗಳು ವಿವಿಯನ್ ಮುಂದೆ ಶಾಲೆಗೆ ಸೇರಿ ಉತ್ತಮ ವಿದ್ಯಾರ್ಥಿಗಳ ಪಟ್ಟಿಯಲ್ಲಿ ಹೆಸರು ಪಡೆದು, ಎಂಟನೆಯ ವಯಸ್ಸಿನಲ್ಲಿ ಕಾಯಿಲೆಯಿಂದ ತೀರಿಕೊಂಡಳು. ಆ ದೇಶದಲ್ಲಿ ಇಂಥ ಕಾನೂನುಗಳಡಿ ಶಸ್ತ್ರಚಿಕಿತ್ಸೆಗೆ ಒಳಗಾದವರು 60,000ಕ್ಕೂ ಹೆಚ್ಚು.

ಸಮುದಾಯಗಳ ನಡುವಿನ ಸರಾಸರಿ ಅಂತರವನ್ನೂ ಇದೇ ಅಂಕಿಯಿಂದ ವಿವರಿಸುವವರಿದ್ದಾರೆ. ವಂಶವಾಹಿ ವಿಜ್ಞಾನಿ ರಿಚರ್ಡ್ ಲೆವಾಂಟಿನ್ 1970ರಲ್ಲಿ ಕೊಟ್ಟ ಉತ್ತರ ಇಂದಿಗೂ ಸಾಕು: ಒಂದೇ ಚೀಲದ ಬೆರಕೆ ಬೀಜವನ್ನು ಅರ್ಧ ಸಾರವುಳ್ಳ ಮಣ್ಣಿನಲ್ಲಿ, ಅರ್ಧ ಸಾರವಿಲ್ಲದ ಮಣ್ಣಿನಲ್ಲಿ ಬಿತ್ತಿದರೆ, ಆಯಾ ಮಡಿಯೊಳಗಿನ ಎತ್ತರದ ವ್ಯತ್ಯಾಸವೆಲ್ಲ ಬೀಜದ್ದೇ ಆಗಿದ್ದರೂ ಎರಡು ಮಡಿಗಳ ನಡುವಿನ ಅಂತರವೆಲ್ಲ ಮಣ್ಣಿನದೇ.

ಮಾನ್ಯರೇ, ಈ ಎಲ್ಲ ಕಾರಣಗಳಿಂದ ತಮ್ಮಲ್ಲಿ ಕೆಲವು ಕೋರಿಕೆಗಳಿವೆ. ಒಂದು ಮಗುವಿಗೆ ಸಿಗುತ್ತಿರುವ ಕಲಿಕೆಯ ನೆರವನ್ನು ಕಡಿಮೆ ಮಾಡಲು ಬುದ್ಧಿಶಕ್ತಿ ಪರೀಕ್ಷೆಯ ಅಂಕವನ್ನಾಗಲಿ, ಅನುವಂಶೀಯತೆಯ ಪ್ರಮಾಣವನ್ನಾಗಲಿ ಕಾರಣವಾಗಿ ಕೊಡುವಂತಿಲ್ಲ ಎಂದು ಲಿಖಿತ ಆದೇಶ ಹೊರಡಿಸಬೇಕು. ನೆರವು ಹೆಚ್ಚಿಸಲು ಆ ಅಂಕವನ್ನು ಧಾರಾಳವಾಗಿ ಬಳಸಲಿ, ನನ್ನ ಆಕ್ಷೇಪವಿಲ್ಲ. ಪರೀಕ್ಷೆಗೆ ಮುನ್ನ ಮಗುವಿನ ಕಣ್ಣು, ಕಿವಿಗಳನ್ನು ತಪಾಸಣೆ ಮಾಡಿಸಿರಬೇಕು, ಅಯೋಡಿನ್ ಕೊರತೆ ಮತ್ತು ಸೀಸದ ವಿಷದಂತಹ ತಡೆಯಬಹುದಾದ ಕಾರಣಗಳ ಬಗ್ಗೆ ವೈದ್ಯರನ್ನು ವಿಚಾರಿಸಿರಬೇಕು. ಒಂದೇ ಬೆಳಗಿನ ಅಂಕವನ್ನು ಶಾಶ್ವತ ದಾಖಲೆಯಲ್ಲಿ ಬರೆಯಬಾರದು. ಬರೆಯಲೇಬೇಕಾದರೆ ಅದರ ಪಕ್ಕದಲ್ಲಿ ಅಳತೆಯ ಏರುಪೇರಿನ ಮಿತಿಯನ್ನೂ ದಿನಾಂಕವನ್ನೂ ನಮೂದಿಸಿ, ಎರಡು ವರ್ಷಗಳೊಳಗೆ ಮರುಪರೀಕ್ಷೆ ನಡೆಸಬೇಕು. ಮಕ್ಕಳ ಡಿಎನ್‌ಎ ಆಧರಿಸಿ ಕಲಿಕೆಯ ಸಾಮರ್ಥ್ಯ ಹೇಳುತ್ತೇವೆಂದು ಬರುವವರಿಗೆ ಶಾಲೆಯ ಬಾಗಿಲು ತೆರೆಯಬಾರದು. ಶಿಕ್ಷಕರ ತರಬೇತಿಯಲ್ಲಿ ಈ ಒಂದು ಅಂಕಿಯ ಅರ್ಥವೇನೆಂದು ತಿಳಿಸಲು ಅರ್ಧ ದಿನವಾದರೂ ಮೀಸಲಿಟ್ಟರೆ, ನನ್ನಂಥವರು ಮುಂದಿನ ಸಭೆಯಲ್ಲಿ ಬಾಯಿ ಮುಚ್ಚಿ ಕುಳಿತುಕೊಳ್ಳುವ ಪ್ರಮೇಯ ಬರಲಾರದು.

ನಿಲ್ಲಿಸಿದ ಆ ಹೆಚ್ಚುವರಿ ಪಾಠವನ್ನು ಈ ಅವಧಿಯಲ್ಲೇ ಮತ್ತೆ ಆರಂಭಿಸಲು ಅನುಮತಿ ಕೊಡಬೇಕೆಂದೂ, ಕಿವಿಯ ತೊಂದರೆಯಿರುವ ಹುಡುಗಿಗೆ ಚಿಕಿತ್ಸೆಯ ನಂತರ ಹೊಸದಾಗಿ ಪರೀಕ್ಷೆ ನಡೆಸುವವರೆಗೆ ಹಳೆಯ ಅಂಕವನ್ನು ತಡೆಹಿಡಿಯಬೇಕೆಂದೂ ಪ್ರತ್ಯೇಕವಾಗಿ ಕೇಳಿಕೊಳ್ಳುತ್ತೇನೆ. ಆ ಪಾಠಕ್ಕೆ ಸಂಭಾವನೆ ಬೇಡ. ಕೊಠಡಿಯ ಬೀಗದ ಕೈ ಮಾತ್ರ ಸಾಕು.

ಇತಿ,
ತಮ್ಮ ವಿಶ್ವಾಸಿ,
ಒಬ್ಬ ಗಣಿತ ಶಿಕ್ಷಕಿ